ಮೇಷ್ಟ್ರ ಮನೆಯ ನೀರಿಗೆ ಏಳು ಅಂಕ

ನಲವತ್ತು ಮನೆಗಳಿದ್ದ ಆ ಕಟ್ಟಡದಲ್ಲಿ ನೀರಿನ ಫಿಲ್ಟರ್ ರಿಪೇರಿ ಮಾಡುವ ಫಿಲ್ಟರಮ್ಮನನ್ನು ಅರಿಯದವರಿರಲಿಲ್ಲ. ಹೆಗಲಿಗೊಂದು ಚೀಲ, ಸ್ಪ್ಯಾನರ್ ಹಿಡಿದೂ ಹಿಡಿದೂ ದಡ್ಡುಗಟ್ಟಿದ ಅಂಗೈ. ಯಾವ ಮನೆಗೆ ಹೋದರೂ ಅವಳು ಮೊದಲು ಫಿಲ್ಟರನ್ನು ಮುಟ್ಟುತ್ತಿರಲಿಲ್ಲ. "ಎಲ್ಲಿ, ನೀರು ಕಾಯಿಸೋ ಪಾತ್ರೆ ಕೊಡಿ" ಎಂದು ಕೇಳಿ, ಅದರ ತಳವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಬಿಳಿಯ ಪದರ ಎಷ್ಟು ದಪ್ಪವೋ ನೀರಿನಲ್ಲಿ ಸುಣ್ಣದಂಶ ಅಷ್ಟು ಹೆಚ್ಚು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸುತ್ತಿದ್ದಳು.

ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅವನು ಕೈಪಂಪು ರಿಪೇರಿ ಮಾಡುತ್ತಿದ್ದವನು. ಪಂಪು ಸರಿಹೋದ ಮೇಲೆ ಬಂದ ಮೊದಲ ಬೊಗಸೆ ನೀರು ಮಗಳಿಗೆ. "ಏನನ್ಸುತ್ತೆ ಹೇಳು ಪುಟ್ಟಿ?" ಒಗರು, ಉಪ್ಪು, ಕಬ್ಬಿಣ ಎಂದು ಅವಳು ಹೇಳಿದ್ದೇ ಸರಿ, ಅಪ್ಪ ತಲೆಯಾಡಿಸುತ್ತಿದ್ದ.

ಹೀಗೆ ನೆಮ್ಮದಿಯಾಗಿದ್ದ ಕಟ್ಟಡಕ್ಕೆ ಒಂದು ದಿನ ಹೊಸ ಕಂಪನಿಯವನೊಬ್ಬ ಬಂದ. ಜೇಬಿನಲ್ಲಿ ಪೆನ್ನಿನಂಥ ಮೀಟರು. ನೀರಿನಲ್ಲಿ ಅದ್ದಿದರೆ ಅಂಕಿ ಮೂಡುತ್ತದೆ; ಅಂಕಿ ಕಡಿಮೆಯಾದಷ್ಟೂ ನೀರು ಶುದ್ಧ ಎಂಬುದು ಅವನ ಮಾತು. "ಎಂಬತ್ತಾ? ಅಯ್ಯೋ, ಇದನ್ನ ಕುಡೀತೀರಾ!" ಎಂದು ಮನೆಮನೆಯಲ್ಲೂ ಹುಬ್ಬೇರಿಸಿದ. ಸಂಘದ ಅಧ್ಯಕ್ಷರಾದ ಮೇಷ್ಟ್ರ ಮನೆಗೆ ತನ್ನ ಫಿಲ್ಟರನ್ನೇ ಹಾಕಿಕೊಟ್ಟ. ಅಂಕಿ ಏಳಕ್ಕಿಳಿಯಿತು. ಮೂವತ್ತು ವರ್ಷ ಲೆಕ್ಕ ಕಲಿಸಿದ್ದ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ "ನಮ್ದು ಏಳು! ನಿಮ್ದು?" ಎನ್ನತೊಡಗಿದರು.

"ಏಳು ಅಂಕ ತಗೊಂಡೋರಿಗೆ ನೀವು ಶಹಬ್ಬಾಸ್ ಅಂದಿದ್ದು ಇದೇ ಮೊದಲು" ಎಂದರು ಅವರ ಹೆಂಡತಿ.

ಭಾನುವಾರ ಸಭೆ. ಕಟ್ಟಡದ ಫಿಲ್ಟರುಗಳನ್ನೆಲ್ಲ ಇನ್ನು ಮುಂದೆ ಯಾರು ನೋಡಿಕೊಳ್ಳಬೇಕೆಂದು ಅಂದೇ ತೀರ್ಮಾನ. ಈ ಕಟ್ಟಡ ಕೈಬಿಟ್ಟರೆ ಫಿಲ್ಟರಮ್ಮ ಮತ್ತೆ ಪೈಪಿನ ಅಂಗಡಿಯ ಮುಂದೆ ಕೆಲಸಕ್ಕೆ ಕಾದು ನಿಲ್ಲಬೇಕಿತ್ತು.

"ನೀನೂ ಅವನ ಹಾಗೆ ಫಿಲ್ಟರಿನ ತಿರುಪು ಬಿಗಿ ಮಾಡ್ಬಿಡೆ, ಏಳು ಬರುತ್ತೆ" ಎಂದ ಮನೆಯಲ್ಲಿ ಅವಳ ಗಂಡ.

"ಬಿಗಿ ಮಾಡೋದು ಎಷ್ಟೊತ್ತಿನ ಕೆಲಸ? ಒಳಗಿನ ಪೊರೆ ಕೊಳೆ ಜೊತೆಗೆ ನೀರಿನ ಸತ್ವಾನೂ ತೆಗೆದ್ಬಿಡುತ್ತೆ. ಪೊರೆಗೆ ಹೋಗದೆ ಕ್ರಿಮಿ ಮಾತ್ರ ಸತ್ತ ನೀರನ್ನ ಒಂಚೂರು ವಾಪಸ್ ಬೆರೆಸೋಕೇ ಆ ತಿರುಪು ಇಟ್ಟಿರೋದು. ಇಲ್ಲಾಂದ್ರೆ ನೀರು ಸಪ್ಪೆ, ಟೀನೂ ಸಪ್ಪೆ."

"ಅದನ್ನ ಸಭೇಲಿ ಹೇಳು."

"ಅಂಕಿ ಮುಂದೆ ನನ್ನ ನಾಲಿಗೆ ಮಾತು ಯಾರು ಕೇಳ್ತಾರೆ?" ಎಂದು ಗೊಣಗುತ್ತಲೇ ಪಾನಕಕ್ಕೆಂದು ಒಂದು ಲೋಟ ನೀರಿಗೆ ಸಕ್ಕರೆ ಹಾಕಿದಳು. ಸಿಟ್ಟಿನ ಭರದಲ್ಲಿ ಕೈಗೆ ಸಿಕ್ಕಿದ್ದು ಚಮಚವಲ್ಲ, ಚೀಲದಲ್ಲಿ ಯಾವಾಗಲೋ ಬಿದ್ದಿದ್ದ ಅವಳದೇ ಮೀಟರು. ಅದರಲ್ಲೇ ಗರಗರ ಕಲಕಿದಳು.

"ಅಯ್ಯೋ ಮಾರಾಯ್ತಿ, ಅದು ಮೀಟರು ಕಣೆ!"

ಅವಳು ಅಂಕಿ ನೋಡಿದಳು. ಎಂಬತ್ತು. ಬೇರೆ ಲೋಟದ ಬರೀ ನೀರಿಗೆ ಅದ್ದಿದಳು, ಅಲ್ಲೂ ಅದೇ ಎಂಬತ್ತು. ಸಕ್ಕರೆ ನೀರಿಗೆ ಇನ್ನೆರಡು ಚಮಚ ಸುರಿದಳು. ಆಗಲೂ ಎಂಬತ್ತು. ಫಿಲ್ಟರಮ್ಮ ನಗತೊಡಗಿದವಳು ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು.

ಭಾನುವಾರ ಮೇಷ್ಟ್ರ ಮನೆಯ ಹಜಾರ ಕಿಕ್ಕಿರಿದಿತ್ತು. ಫಿಲ್ಟರಮ್ಮ ಮೇಷ್ಟ್ರ ಹೆಂಡತಿಯ ಕಿವಿಯಲ್ಲಿ ಏನೋ ಉಸುರಿದಳು. ಆಕೆ ಒಳಗಿಂದ ಒಂದು ಲೋಟ ನೀರು ತಂದಿಟ್ಟರು. ಕಂಪನಿಯವನು ಮೀಟರು ಅದ್ದಿದ.

"ಏಳು!" ಎಂದು ಮೇಷ್ಟ್ರು ಎದೆಯುಬ್ಬಿಸಿದರು. "ಅಪ್ಪಟ ಶುದ್ಧ!"

"ಒಂದು ಗುಟುಕು ಕುಡೀರಿ ಮೇಷ್ಟ್ರೇ" ಎಂದಳು ಫಿಲ್ಟರಮ್ಮ.

ಕುಡಿದ ಮೇಷ್ಟ್ರ ಕಣ್ಣು ಅಗಲವಾದವು. "ಸಿಹಿ! ಭಾರೀ ಸಿಹಿ!"

"ಮೂರು ಚಮಚ ಸಕ್ಕರೆ ಹಾಕಿದೀನಿ. ಸಾಕು, ಲೋಟ ಇತ್ಲಾಗ್ ಕೊಡಿ" ಎಂದು ಹೆಂಡತಿ ಕಿತ್ತುಕೊಂಡರು. "ಡಾಕ್ಟರು ಬೈಯೋದು ನನಗೆ."

ಹಜಾರವೆಲ್ಲ ನಗುವೋ ನಗು.

"ಮೀಟರು ಲವಣ ಮಾತ್ರ ಅಳೆಯುತ್ತೆ..." ಎಂದು ಕಂಪನಿಯವನು ತೊದಲಿದ.

"ಹಾಗಂತ ಮೊದಲೇ ಹೇಳ್ಬೇಕಿತ್ತಪ್ಪ" ಎಂದಳು ಫಿಲ್ಟರಮ್ಮ. "ಮೂರು ಚಮಚ ಸಕ್ಕರೆ ಕಾಣದ ಕಣ್ಣಿಗೆ ಕ್ರಿಮಿ ಕಾಣುತ್ತಾ? ಮೀಟರನ್ನ ಬಿಸಾಕಿ ಅಂತಿಲ್ಲ ನಾನು. ಅಂಕಿ ಇದ್ದಕ್ಕಿದ್ದ ಹಾಗೆ ಏರಿದ್ರೆ ಪೊರೆ ಹಾಳಾಯ್ತು ಅಂತ ಗೊತ್ತಾಗುತ್ತೆ. ಅದರ ಕೆಲಸ ಅಷ್ಟೇ."

"ಅಲ್ಲ ಕಣಮ್ಮಾ, ಟೀ ಸಪ್ಪೆ ಅಂತ ಹದಿನೈದು ದಿನದಿಂದ ಹಾಲಿನವಳ ಹತ್ರ ಜಗಳ ಆಡ್ತಿದೀನಲ್ಲ ನಾನು!" ಎಂದು ಮೇಷ್ಟ್ರ ಹೆಂಡತಿ ಹಣೆ ಚಚ್ಚಿಕೊಂಡರು.

ಇನ್ನೇನು ಉಳಿದಿತ್ತು ಚರ್ಚೆಗೆ? ಮೇಷ್ಟ್ರೇ ಮೊದಲು ಕೈ ಎತ್ತಿದರು. ಕಟ್ಟಡ ಫಿಲ್ಟರಮ್ಮನ ಕೈಯಲ್ಲೇ ಉಳಿಯಿತು. ಅವಳು ಆಗಲೇ ಚೀಲ ಬಿಚ್ಚಿ ಅವರ ಅಡುಗೆಮನೆಯ ಫಿಲ್ಟರಿನ ತಿರುಪನ್ನು ಸಡಿಲಿಸಿದಳು.

ಮರುವಾರ ಅವಳು ಮೆಟ್ಟಿಲಿಳಿಯುತ್ತಿದ್ದಾಗ ಮೇಷ್ಟ್ರು ಬಾಗಿಲು ಸ್ವಲ್ಪವೇ ತೆರೆದು ಪಿಸುಗುಟ್ಟಿದರು.

"ತಾಯೀ, ನಮ್ದು ಎಂಬತ್ತು. ಎದುರು ಮನೆಯೋರ್ದು ಎಂಬತ್ತೆರಡಂತೆ. ಇನ್ನೊಂದು ಎಳೆಯಷ್ಟು ತಿರುಗಿಸೋಕಾಗುತ್ತಾ? ಹೆಚ್ಚೇನಿಲ್ಲ... ಮೂರು ಅಂಕ."