ತಿರುಪೆ ಎತ್ತಿದ ಅರಿವೆ

ನನ್ನ ಹೆಸರು ತಿಪ್ಪಕ್ಕ. ನಗಬೇಡಿ. ಓಣಿಯ ತೆಲುಗಿನವರು ಪೆಂಟಮ್ಮ ಎಂದು ಕರೆಯುತ್ತಿದ್ದರು, ಅದಕ್ಕೂ ಅರ್ಥ ತಿಪ್ಪೆಯೇ. ನನಗಿಂತ ಮೊದಲು ನಮ್ಮ ಅವ್ವನಿಗೆ ಹುಟ್ಟಿದ ಎರಡು ಕೂಸು ಕೈಗೆ ದಕ್ಕಿರಲಿಲ್ಲ. ಮೂರನೆಯದಾದರೂ ಉಳಿಯಬೇಕೆಂದರೆ ಅದು ಯಾರಿಗೂ ಬೇಡದ ಕೂಸು ಎಂದು ಕಾಣಿಸಬೇಕು. ಹೆಸರು ತಿಪ್ಪೆಯದಾಗಬೇಕು, ಮೈಗೆ ತಾಗುವ ಅರಿವೆ ತಿರುಪೆ ಎತ್ತಿ ತಂದದ್ದಾಗಬೇಕು. ಅದು ಆಗಿನ ನಂಬಿಕೆ. ಹೆಸರಿಡುವುದು ಒಂದು ಗಳಿಗೆಯ ಕೆಲಸ. ಅರಿವೆ ಬೇಡಿ ತರುವುದು, ಒಗೆಯುವುದು, ಒಣಗಿಸುವುದು ಪೂರಾ ನಮ್ಮ ದೊಡ್ಡವ್ವ ಓಬಕ್ಕನ ತಲೆಗೆ ಬಂತು. ನಾನು ಹೇಳಹೊರಟಿರುವುದು ಅವಳ ಕಥೆ.

ದೊಡ್ಡವ್ವ ಅಂದರೆ ಅಪ್ಪನ ಅಣ್ಣ ಸಂಜೀವಪ್ಪನ ಹೆಂಡತಿ. ತವರು ನೇಮಕಲ್ಲು. ಎತ್ತರದ ಆಳು, ಉದ್ದನೆಯ ಕೈ, ಒರಟು ಮಾತು. ರಾಯದುರ್ಗದ ಕೋಟೆಯ ಕೆಳಗಿನ ನಮ್ಮ ಓಣಿಯಲ್ಲಿ ಅವಳು ಬಾವಿಕಟ್ಟೆಗೆ ಬಂದಳೆಂದರೆ ಜಗಳವಾಡುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು, ಯಾಕೆಂದರೆ ಅವಳು ನ್ಯಾಯ ಹೇಳುತ್ತಿರಲಿಲ್ಲ, ಇಬ್ಬರನ್ನೂ ಬೈಯುತ್ತಿದ್ದಳು. ದೊಡ್ಡಪ್ಪ ಮತ್ತು ಅಪ್ಪ ಶೇಂಗಾ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲರು. ಅದೇ ಮಿಲ್ಲಿನ ಅಂಗಳದಲ್ಲಿ ದೊಡ್ಡವ್ವ ಶೇಂಗಾ ಕೇರುತ್ತಿದ್ದಳು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲ. ನೇಮಕಲ್ಲಿನ ಆಂಜನೇಯನ ಗುಡಿ ಸುತ್ತ ಒದ್ದೆ ಸೀರೆಯಲ್ಲಿ ಉರುಳಿದ್ದಳಂತೆ. ಆಮೇಲೆ ಒಂದು ದಿನ, ನೀನೇ ಬ್ರಹ್ಮಚಾರಿ, ನಿನ್ನ ಹತ್ತಿರ ಮಕ್ಕಳನ್ನು ಕೇಳಿದ ನನಗೆ ಬುದ್ಧಿ ಇಲ್ಲ ಎಂದು ದೇವರಿಗೇ ಬೈದು ಎದ್ದು ಬಂದಳಂತೆ. ಇದನ್ನು ಅವಳೇ ಹೇಳಿ ಅವಳೇ ನಗುತ್ತಿದ್ದಳು. ಆ ನಗುವಿನ ಹಿಂದೆ ಏನಿತ್ತೆಂದು ತಿಳಿಯುವ ವಯಸ್ಸು ನನಗೆ ಬಂದಾಗ ಅವಳು ಮುದುಕಿಯಾಗಿದ್ದಳು.

ಅವ್ವ ಆದಿಲಕ್ಷ್ಮಿ ಮಡಕಶಿರದ ಕಡೆಯವಳು, ಅಮರಾಪುರದ ಹತ್ತಿರದ ಹಳ್ಳಿ. ರಾಗಿ, ಕುರಿ, ಕಂಬಳಿ, ಇಷ್ಟೇ ಕಂಡು ಬೆಳೆದವಳು. ಅವಳು ಎರಡಕ್ಕೆ ‘ಎಲ್ಡು’ ಅಂದರೆ, ‘ಕಣಕ್ಕ’ ಅಂದರೆ ಓಣಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು. ನಕ್ಕವರಿಗೆ ದೊಡ್ಡವ್ವನಿಂದ ಸರಿಯಾಗಿ ಬೀಳುತ್ತಿತ್ತು. ಎರಡನೆಯ ಕೂಸು ಹೋದ ಮೇಲೆ ಅವ್ವ ಮಾತು ಬಿಟ್ಟು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳಂತೆ. ಮುದ್ದೆ ಮುರಿದು ಬಾಯಿಗಿಟ್ಟು, ತಲೆ ಬಾಚಿ, ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದವಳು ದೊಡ್ಡವ್ವ.

ನಾನು ಹೊಟ್ಟೆಯಲ್ಲಿದ್ದಾಗ ಓಣಿಯ ಸೂಲಗಿತ್ತಿ ಚೌಡಕ್ಕ ಬಂದು ಕಟ್ಟಳೆ ಹೇಳಿದಳು. ಅರಿವೆ ಮನೆಗೊಂದೇ ತುಂಡು ಬರಬೇಕು. ಕೊಡುವವಳು ಮಕ್ಕಳನ್ನು ಹೆತ್ತು ಉಳಿಸಿಕೊಂಡವಳಾಗಿರಬೇಕು, ಅವಳು ಉಟ್ಟ ಸೀರೆಯದೇ ಆಗಿರಬೇಕು. ಕೂಸು ಅಂಬೆಗಾಲಿಡುವ ತನಕ ಬೇರೆ ಬಟ್ಟೆ ಮೈಗೆ ಸೋಕಬಾರದು. ಎರಡು ಕೂಸು ಕಳೆದುಕೊಂಡ ಅವ್ವನ ಸೀರೆ ಆಗದು. ಬಂಜೆಯ ಸೀರೆಯಂತೂ ಹತ್ತಿರ ಸುಳಿಯಬಾರದು. ಚೌಡಕ್ಕ ಕೆಟ್ಟವಳಲ್ಲ. ಆದರೆ ಈ ಮಾತನ್ನು ದೊಡ್ಡವ್ವನ ಎದುರಿಗೇ, ದನಿ ಕೂಡ ತಗ್ಗಿಸದೆ ಹೇಳಿದಳು. ಊರಿಗೆಲ್ಲ ಬೈಯುವ ದೊಡ್ಡವ್ವ ಅಂದು ಬರೀ ಹೂಂ ಅಂದಳಂತೆ. ತನ್ನ ಬಟ್ಟೆ ತಾಗಿದರೆ ಕೂಸು ಉಳಿಯುವುದಿಲ್ಲ ಎಂದು ಅವಳು ಮನಸಾರೆ ನಂಬಿದ್ದಳು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಆಗ ಜರ್ಮನಿ ಯುದ್ಧದ ಕಾಲ, ಮದ್ರಾಸು ಸರ್ಕಾರ ಬಟ್ಟೆಗೂ ಕಂಟ್ರೋಲು ಹಾಕಿತ್ತು. ಗಂಟೆಗಟ್ಟಲೆ ಸಾಲು ನಿಂತರೆ ಸಿಗುತ್ತಿದ್ದದ್ದು ಗೋಣಿಯಷ್ಟು ಒರಟಾದ ಬಟ್ಟೆ, ಅದೂ ಅಳತೆ ಮಾಡಿ. ಹಳೇ ಸೀರೆ ಅಂತ ಯಾರ ಮನೆಯಲ್ಲಿ ಉಳಿದಿರಬೇಕು? ಹರಿದದ್ದನ್ನು ಹೊಲಿದು, ಹೊಲಿದದ್ದನ್ನು ತೇಪೆ ಹಾಕಿ ಅದನ್ನೇ ಉಡುತ್ತಿದ್ದರು. ಅಂಥ ಕಾಲದಲ್ಲಿ, ಒಂದು ಚಿಟಿಕೆ ಉಪ್ಪನ್ನೂ ಯಾರ ಹತ್ತಿರವೂ ಕೇಳದ ದೊಡ್ಡವ್ವ ಸೆರಗೊಡ್ಡಿಕೊಂಡು ಬಾಗಿಲು ಬಾಗಿಲು ತಿರುಗಿದಳು. ಬಾವಿಕಟ್ಟೆಯಲ್ಲಿ ಅವಳಿಂದ ಬೈಸಿಕೊಂಡವರೆಲ್ಲ ಅಂದು ಸೇಡು ತೀರಿಸಿಕೊಳ್ಳಬಹುದಿತ್ತು. ಒಬ್ಬಿಬ್ಬರು ಆಡಿಯೂ ಆಡಿದರು. ಆದರೂ ಕೊಟ್ಟರು ನೋಡಿ. ಬಳೆಗಾರ್ತಿ ತನ್ನ ಸೀರೆಯ ಒಳಸೆರಗನ್ನೇ ಕತ್ತರಿಸಿಕೊಟ್ಟಳು. ನೇಕಾರರ ಮನೆಯವಳು ಅಂಗೈ ಅಗಲದ ತುಂಡು ಕೊಟ್ಟು, ಇಷ್ಟಕ್ಕೆ ಕೂಸಿನ ಒಂದು ಕುಂಡೆಯಾದರೂ ಮುಚ್ಚುತ್ತದೆ ಬಿಡು ಎಂದು ನಗಿಸಿದಳಂತೆ. ಚಿಕ್ಕ ಚೂರುಗಳನ್ನೆಲ್ಲ ದೊಡ್ಡವ್ವ ಜೋಡಿಸಿ, ಹೊಲಿಗೆಯ ಗಂಟು ಕೆಳಮುಖವಾಗಿ ಬರುವ ಹಾಗೆ ಹೊಲಿದಳು. ಮೇಲೆ ಗಂಟು ಬಂದರೆ ಎಳೆ ಚರ್ಮಕ್ಕೆ ಒತ್ತುತ್ತದೆ.

ಅವಳು ಆ ಅರಿವೆಗಳನ್ನು ನೋಡಿಕೊಳ್ಳುತ್ತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಕಾಲದ್ದು ನಾನು ನೋಡಿಲ್ಲ ನಿಜ, ಆದರೆ ತಮ್ಮ ಬೋರಪ್ಪ ಹುಟ್ಟಿದಾಗ ಪಕ್ಕದಲ್ಲೇ ಕೂತು ಕಂಡಿದ್ದೇನೆ. ಕೊಳೆಯನ್ನು ತಿಪ್ಪೆಗೆ ಕೊಡವಿ ಮೊದಲು ತಣ್ಣೀರಿನಲ್ಲೇ ಜಾಲಿಸಬೇಕು. ಬಿಸಿನೀರು ಮೊದಲು ಬಿದ್ದರೆ ಕಲೆ ಕೂತುಬಿಡುತ್ತದೆ. ಆಮೇಲೆ ಸಾಬೂನಿನ ಬದಲು ಚೌಳು ಮಣ್ಣಿನ ತಿಳಿನೀರಿನಲ್ಲಿ ಹಾಕಿ ಮಡಕೆಯಲ್ಲಿ ಕುದಿಸುತ್ತಿದ್ದಳು. ಕುದಿಸಿದ್ದನ್ನು ನೀರು ಬದಲಿಸಿ ಬದಲಿಸಿ ಹಿಂಡಿ, ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಜಾರಿಕೆ ಇದ್ದರೆ ಚೌಳು ಉಳಿದಿದೆ ಎಂದು ಮತ್ತೊಂದು ನೀರು. ಕೋಟೆಯ ಬುಡದ ಬಂಡೆಗಳ ಮೇಲೆ ಹರವಿ, ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡುತ್ತಿದ್ದಳು. ಮೋಡವಿದ್ದ ದಿನ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವುವುದು. ಆ ಬೆಚ್ಚಗಿನ ಅರಿವೆಯ ವಾಸನೆ, ಅದರೊಳಗೆ ಒಂಚೂರು ಹೊಗೆ, ಒಂಚೂರು ಹರಳೆಣ್ಣೆ. ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊಮ್ಮಗಳು ತನ್ನ ಮಗುವಿಗೆ ಕಟ್ಟುವ ಡೈಪರಿನ ಪೊಟ್ಟಣ ಬಿಚ್ಚಿದಾಗಲೆಲ್ಲ ಮೂಗಿಗೆ ಹಿಡಿದು ನೋಡುತ್ತೇನೆ, ಏನೋ ಅಂಗಡಿಯ ವಾಸನೆ. ಅವಳು ನಗುತ್ತಾಳೆ, ನಗಲಿ.

ಹಾಸುವುದಕ್ಕೂ ಒಂದು ಕ್ರಮ. ಕೆಳಗೆ ಅವ್ವನ ತವರಿನಿಂದ ಬಂದ ಕಂಬಳಿಯ ತುಂಡು, ಉಣ್ಣೆ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ, ಚಾಪೆ ನೆನೆಯುವುದಿಲ್ಲ. ಅದರ ಮೇಲೆ ಹೊಲಿದ ಚೂರುಗಳು, ಮೇಲೆ ಮೆತ್ತಗಿನ ಒಂಟಿ ತುಂಡು. ನೆನೆದದ್ದು ಆ ಮೇಲಿನದಾದರೆ ಅದೊಂದನ್ನೇ ಎಳೆಯುವುದು, ಎಲ್ಲವನ್ನೂ ಒಗೆಯುವ ದಂಡ ಯಾಕೆ? ಇನ್ನು ಕೂಸು ಹಾಲು ಕುಡಿದ ಮೇಲೆ ದೊಡ್ಡವ್ವ ಕಾಲು ನೀಡಿ ಕೂತು, ಎರಡು ಪಾದದ ನಡುವೆ ಕೂಸನ್ನು ಕೂರಿಸಿ ಉಸ್ ಉಸ್ ಅನ್ನುತ್ತಿದ್ದಳು. ಕೂಸು ಮುಖ ಕೆಂಪಗೆ ಮಾಡಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಎತ್ತಿಕೊಂಡು ಓಡುತ್ತಿದ್ದಳು. ಹಾಗಾಗಿ ಅಷ್ಟು ಕಡಿಮೆ ಅರಿವೆಯಲ್ಲಿ ನಾನು ಒದ್ದೆಯಲ್ಲಿ ಮಲಗಿದ್ದೇ ಇಲ್ಲವಂತೆ, ಆ ಚಿತ್ತೆ ಮಳೆ ಬರುವ ತನಕ.

ರಾಯದುರ್ಗಕ್ಕೆ ಮಳೆಯೇ ಅಪರೂಪ. ಆದರೆ ಮದ್ರಾಸಿನ ಕಡೆ ತುಫಾನು ಎದ್ದರೆ ಅದರ ಸೆರಗು ಇಲ್ಲಿಗೂ ತಾಗುತ್ತದೆ. ಆ ವರ್ಷ ಹಾಗೇ ಆಯಿತು. ಹಗಲೂ ರಾತ್ರಿ ಜಡಿ ಹಿಡಿದು, ಮಣ್ಣಿನ ಮಾಳಿಗೆ ಅಲ್ಲಲ್ಲಿ ಸೋರತೊಡಗಿತು. ಅದೇ ಹೊತ್ತಿಗೆ ನನಗೆ ಭೇದಿ ಹತ್ತಿತು. ಹಾಸಿದ್ದು ಹಾಸಿದ ಹಾಗೇ ಹಾಳಾಗುತ್ತಿತ್ತು. ದೊಡ್ಡವ್ವ ಒಗೆದಳು, ಹಿಂಡಿದಳು, ಬುಟ್ಟಿಯ ಮೇಲೆ ಹಾಕಿದಳು. ಉರಿಸಲು ಮಿಲ್ಲಿನಿಂದ ತಂದಿಟ್ಟ ಶೇಂಗಾ ಹೊಟ್ಟು ನೆನೆದು ಬರೀ ಹೊಗೆ ಬಂತು, ಶಾಖ ಬರಲಿಲ್ಲ. ಗಂಡಸರು ಮಿಲ್ಲಿನಲ್ಲಿ ಮೂಟೆ ನೆನೆಯದ ಹಾಗೆ ಕಾಯುತ್ತಿದ್ದರು. ದೊಡ್ಡವ್ವ ಮಳೆಯಲ್ಲೇ ನಾಲ್ಕು ಮನೆ ತಿರುಗಿ ಬಂದಳು. ಎಲ್ಲರ ಮನೆಯೂ ಸೋರುತ್ತಿತ್ತು, ಎಲ್ಲರೂ ಉಟ್ಟ ಒದ್ದೆಯಲ್ಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಒಣಗಿದ ತಿರುಪೆ ಅರಿವೆ ಒಂದೂ ಉಳಿಯಲಿಲ್ಲ. ನನ್ನ ಕೈಕಾಲು ತಣ್ಣಗಾಗಿ, ಅಳುವ ದನಿಯೂ ಸಣ್ಣಗಾಗಿತ್ತಂತೆ.

ಒಣಗಿದ್ದದ್ದು ಒಂದೇ ಒಂದು ಬಟ್ಟೆ. ಗಡಿಗೆಯೊಳಗೆ ಮಡಚಿಟ್ಟಿದ್ದ ದೊಡ್ಡವ್ವನ ಸೀರೆ. ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾದ ಹಳೆಯ ಸೀರೆ.

ಅವ್ವ ಅದನ್ನು ಕೊಡು ಎಂದಳು. ದೊಡ್ಡವ್ವ ಗಡಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಆತು ನಿಂತುಬಿಟ್ಟಳು. ಊರನ್ನೇ ಬೈಯುವ ಹೆಂಗಸು ಗಳಗಳ ಅಳುತ್ತಿದ್ದಳಂತೆ.

“ಬ್ಯಾಡ ಲಕ್ಷ್ಮಿ. ನನ್ನ ಸೀರಿ ತಾಗಿ ಕೂಸಿಗೆ ಏನಾರ ಆತಂದ್ರ ನಾ ಹ್ಯಾಂಗ ಬದುಕಲಿ?”

ಅವ್ವ ಎಂದೂ ದನಿ ಎತ್ತಿದವಳಲ್ಲ. ಅಂದು ನನ್ನನ್ನು ಒಂದು ಕೈಯಲ್ಲಿ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ತನ್ನ ಒದ್ದೆ ಸೆರಗನ್ನು ದೊಡ್ಡವ್ವನ ಮುಂದೆ ಒಡ್ಡಿದಳು.

“ಹುಟ್ಟಿದಾಗಿಂದ ಇದರ ಹೇಲು ಉಚ್ಚೆ ಬಳ್ದೋಳು ನೀನು. ನೀನು ತಾಯಿ ಅಲ್ಲ ಅಂದ್ರೆ ನಾನೂ ಅಲ್ಲ ಕಣಕ್ಕ. ಬೇಡಿ ತಂದದ್ದೇ ಆಗ್ಬೇಕು ಅಂದ್ರಲ್ಲ, ಇಗೋ ಬೇಡ್ತಾ ಇದೀನಿ. ಕೊಡು.”

ದೊಡ್ಡವ್ವ ಸೀರೆ ತೆಗೆದಳು. ಅವಸರದಲ್ಲಿ ಅಡ್ಡಾದಿಡ್ಡಿಯಾಗಿ ಹರಿದಳಂತೆ. ನನ್ನ ಮೈ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ, ತನ್ನ ಹೊಟ್ಟೆಗೆ ಒತ್ತಿಕೊಂಡು ಕೂತಳು. ನಾನು ಬೆಚ್ಚಗಾಗಿ ನಿದ್ದೆ ಹೋದೆ. ಅವಳು ಮಾತ್ರ ನನ್ನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು, ಉಸಿರು ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತಲೇ ಇದ್ದಳು. ಅವ್ವ ಬಲವಂತ ಮಾಡಿದರೂ ಊಟ ಮುಟ್ಟಲಿಲ್ಲ.

ಮಳೆ ಇಳಿದು ಬರೀ ತುಂತುರು ಉಳಿದ ದಿನ ಚೌಡಕ್ಕ ಗೋಣಿಯ ಕೊಪ್ಪೆ ಹಾಕಿಕೊಂಡು ಕೂಸನ್ನು ನೋಡಲು ಬಂದಳು. ಅಷ್ಟು ಹೊತ್ತಿಗೆ ಭೇದಿ ನಿಂತಿತ್ತು. ಅವಳು ನನ್ನ ಕೆಳಗಿನ ಅರಿವೆಯನ್ನು ಬೆರಳಲ್ಲಿ ಉಜ್ಜಿ, ಇದು ಯಾರ ಮನೆಯದು ಎಂದು ಕೇಳಿದಳು. ಅವ್ವ ಬಳೆಗಾರ್ತಿಯದು ಎಂದು ಸುಳ್ಳು ಹೇಳಿ ಮುಗಿಸಬೇಕೆಂದಿದ್ದಳಂತೆ. ಅದಕ್ಕೆ ಮೊದಲೇ ದೊಡ್ಡವ್ವ, ಅದು ನನ್ನದು ಎಂದುಬಿಟ್ಟಳು. ಚೌಡಕ್ಕ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊಪ್ಪೆ ಎತ್ತಿಕೊಂಡು ಹೊರಟುಹೋದಳು. ಅದಾದ ಮೇಲೆ ನಾನು ಕೆಮ್ಮಿದರೂ ಸೀನಿದರೂ ದೊಡ್ಡವ್ವನ ಜೀವ ಹೋಗಿ ಬರುತ್ತಿತ್ತಂತೆ. ಆದರೆ ಆ ಸೀರೆಯನ್ನು ನನ್ನ ಕೆಳಗಿಂದ ತೆಗೆಯಲು ಅವ್ವ ಬಿಡಲಿಲ್ಲ.

ನಾನು ಬದುಕಿದೆ. ಅಂಬೆಗಾಲಿಟ್ಟೆ, ಹೊಸಿಲು ದಾಟಿದೆ, ಅಂಗಳದ ಮಣ್ಣು ತಿಂದೆ. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಚೌಡಕ್ಕ ನಮ್ಮ ಬಾಗಿಲಿಗೆ ಬಂದಳು. ಜೊತೆಯಲ್ಲಿ ಮೇಗಳ ಓಣಿಯ ನರಸಕ್ಕ, ತುಂಬು ಬಸುರಿ. ಅವಳಿಗೂ ಮೊದಲಿನದು ಉಳಿದಿರಲಿಲ್ಲ. ದೊಡ್ಡವ್ವ ಅವ್ವನನ್ನು ಕರೆಯಲು ಒಳಗೆ ತಿರುಗಿದಳು, ಬಂದವರು ಕೇಳುವುದು ಅವ್ವನನ್ನು ಎಂದುಕೊಂಡು.

“ಅಕಿನ್ನ ಯಾಕ ಕರೀತಿ?” ಎಂದಳು ಚೌಡಕ್ಕ. “ನಿನ್ನ ಹತ್ರನ ಬಂದೀವಿ ಓಬಕ್ಕ. ನೀ ಉಟ್ಟಿದ್ದು ಒಂದು ತುಂಡು ಕೊಡು.”

ನರಸಕ್ಕ ಸೆರಗೊಡ್ಡಿ ನಿಂತಿದ್ದಳು. ದೊಡ್ಡವ್ವ ಉಟ್ಟ ಸೀರೆಯ ತುದಿಯನ್ನೇ ಕಚ್ಚಿ ಚರ್ರನೆ ಹರಿದಳು, ಅದೂ ಚೂರಲ್ಲ, ಒಂದು ಮೊಳದ ಮೇಲೆ. ಸಾಕು ಸಾಕು ಎಂದು ಅವ್ವ ಕೈ ಹಿಡಿಯಬೇಕಾಯಿತು. ಮುಂದಿನ ಕಂಟ್ರೋಲು ಸೀರೆ ಬರುವ ತನಕ ಅವಳು ಸೆರಗು ಸಾಲದ ಆ ಸೀರೆಯಲ್ಲೇ ಮಿಲ್ಲಿಗೂ ಬಾವಿಕಟ್ಟೆಗೂ ಓಡಾಡಿದಳು. ಸೆರಗು ಯಾಕೆ ಗಿಡ್ಡವಾಯಿತೆಂದು ಯಾರೂ ಕೇಳದಿದ್ದರೂ ಬಿಡುತ್ತಿರಲಿಲ್ಲ, ನೀರು ಹೊತ್ತು ಹೋಗುವವರನ್ನು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳಂತೆ: “ನರಸಕ್ಕನ ಕೂಸಿಗೆ ಕೊಟ್ಟೀನ್ರಿ. ಮಕ್ಕಳ ತಾಯಿ ಉಟ್ಟಿದ್ದ ಬೇಕು ಅಂತ ನಮ್ಮ ಮನೀಗೆ ಬಂದಿದ್ರು.”