ಬೆಟ್ಟದ ಪಟದ ಕೆಳಗಿನ ಹೆಸರು

ಮಧುಗಿರಿಯ ಪಾತ್ರೆ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತಿದ್ದೇನೆ. ಒಳಗೆ ಹೆಸರು ಕೊರೆಯುವ ಯಂತ್ರ ಕರ್ರೆಂದು ಕಿರುಚುತ್ತಿದೆ. ನನ್ನ ಮುಂದಿನವರು ಮದುವೆಗೆ ಉಡುಗೊರೆ ಕೊಡಲು ದೊಡ್ಡದೊಂದು ಸ್ಟೀಲ್ ಕೊಳಗ ಹಿಡಿದು ನಿಂತಿದ್ದಾರೆ. ನನ್ನ ಕೈಯಲ್ಲಿರುವುದು ಬೆರಳುದ್ದದ ಒಂದು ಹಿತ್ತಾಳೆ ತಗಡು. ನನ್ನ ಸರದಿ ಬರುವಷ್ಟರಲ್ಲಿ ಇದರ ಕತೆ ಹೇಳಿಬಿಡುತ್ತೇನೆ. ಬಿಸಿಲಿದೆ, ಇತ್ತ ನೆರಳಿಗೆ ಬನ್ನಿ.

ನಾನು ದೊಡ್ಡೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ನನ್ನ ಬಳಿಯೇ ಇರುತ್ತದೆ. ಇದಕ್ಕೆ ನನ್ನ ಜ್ಞಾನ ಕಾರಣವಲ್ಲ. ಬೀಗದ ಕೈ ಕಳೆಯದ ಮನುಷ್ಯ ಎಂಬುದು ಹೆಡ್‌ಮಾಸ್ಟರಿಗೆ ನನ್ನ ಮೇಲಿರುವ ಒಂದೇ ಒಂದು ನಂಬಿಕೆ.

ಹೋದ ವರ್ಷ ಮಕ್ಕಳ ಪ್ರಾಜೆಕ್ಟ್ ತಿದ್ದುತ್ತಿದ್ದೆ. ಕೋಟೆ, ಕೆರೆ, ನವಿಲು, ಯಾವ ಚಿತ್ರವಾದರೂ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದೇ ಇತ್ತು. ನನಗೆ ರೇಗಿತು. “ಈ ಅಂತರ್ಜಾಲ ಯಾವೂರವನ್ರೋ? ನವಿಲಿನ ಹಿಂದೆ ಕ್ಯಾಮೆರಾ ಹಿಡ್ಕೊಂಡು ಅಲೆದೋನು ಅವನಾ?” ಎಂದು ಒಂದು ಪೀರಿಯಡ್ಡು ಪೂರ್ತಿ ಗುಡುಗಿದೆ. ಚಿತ್ರ ಹುಡುಕುವುದು ಹೇಗೆ, ಅದು ಬಂದ ಪುಟಕ್ಕೇ ಹೋಗಿ ತೆಗೆದವರ ಹೆಸರು ನೋಡುವುದು ಹೇಗೆ, ಬಳಸಲು ಅವರ ಒಪ್ಪಿಗೆ ಇದೆಯೇ ಎಂದು ತಿಳಿಯುವುದು ಹೇಗೆ, ಎಲ್ಲ ಹೇಳಿಕೊಟ್ಟೆ. ಹೇಳುವಾಗ ನನ್ನ ದನಿ ನನಗೇ ಬಹಳ ಹಿಡಿಸಿತ್ತು.

ಮುಂದಿನ ವಾರ ಪುಸ್ತಕಗಳು ಬಂದವು. ‘ಕೃಪೆ: ನಮ್ಮ ಚಿಕ್ಕಮಾವ.’ ‘ಕೃಪೆ: ಪ್ರಿಂಟ್ ತೆಗೆದುಕೊಟ್ಟ ಜೆರಾಕ್ಸ್ ಅಂಗಡಿ ಅಣ್ಣ.’ ಒಬ್ಬನಂತೂ ಮೊಬೈಲು ಚಾರ್ಜಿಗೆ ಹಾಕಿಕೊಟ್ಟ ಅಜ್ಜಿಯನ್ನೂ ಬಿಟ್ಟಿರಲಿಲ್ಲ. ಇದೇನು ಎಂದು ಕೇಳಿದರೆ ಮುಂದಿನ ಬೆಂಚಿನ ಚೈತ್ರ ಎದ್ದು ನಿಂತಳು.

“ಮದುವೇಲಿ ಕೊಡೋ ಪಾತ್ರೆ ಮ್ಯಾಲೆ ಕೊಟ್ಟೋರ ಹೆಸರು ತಾನೆ ಸಾ ಕೊರ್ಸೋದು? ಪಾತ್ರೆ ಮಾಡ್ದೋನ ಹೆಸರು ಯಾರ್ ಕೊರುಸ್ತಾರೆ?”

ಉತ್ತರ ಇಲ್ಲದಿದ್ದಾಗ ಮೇಷ್ಟ್ರಾದವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಒಂದು ಕಾನೂನು ತಂದೆ. ತೆಗೆದವರ ಹೆಸರಿಲ್ಲದ ಚಿತ್ರಕ್ಕೆ ಸೊನ್ನೆ!

ಈಗ ನನ್ನ ಗುಟ್ಟು ಹೇಳಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಮಧುಗಿರಿ ಬೆಟ್ಟದ ಒಂದು ಪಟವಿದೆ. ಬೆಳಗಿನ ಮಂಜು ಬುಡವನ್ನೆಲ್ಲ ನುಂಗಿ, ಬಂಡೆ ಒಂದೇ ಮೇಲೆ ನಿಂತಿದೆ. ವರ್ಷಗಳ ಹಿಂದೆ ಯಾವುದೋ ಮೊಬೈಲ್ ಗುಂಪಿನಲ್ಲಿ ಶುಭೋದಯದ ಜೊತೆ ಬಂದಿತ್ತು. ಶುಭೋದಯವನ್ನು ಕತ್ತರಿಸಿ ಬಿಸಾಡಿ, ಬೆಟ್ಟಕ್ಕೆ ಚೌಕಟ್ಟು ಹಾಕಿಸಿ ಶಾಲೆಗೆ ಕೊಟ್ಟೆ. ಕೆಳಗೆ ನನ್ನ ಹೆಸರು ಬರೆಸಿದೆ. ಕೊಟ್ಟವನು ನಾನಲ್ಲವೇ? ನೋಡಿದವರೆಲ್ಲ “ನೀವೇ ತೆಗೆದಿದ್ದಾ ಸಾ? ಎಂಥ ಕೈ ನಿಮ್ದು!” ಎನ್ನುತ್ತಿದ್ದರು. ನಾನು ಹೌದು ಎಂದವನಲ್ಲ. ಅಲ್ಲ ಎಂದವನೂ ಅಲ್ಲ. ಸುಮ್ಮನೆ ತಲೆ ತಗ್ಗಿಸಿ ನಗುತ್ತಿದ್ದೆ. ಆ ನಗುವನ್ನು ಜನ ವಿನಯ ಎಂದುಕೊಂಡರು. ಬರಬರುತ್ತಾ ನಾನೂ ಹಾಗೇ ಅಂದುಕೊಂಡೆ.

ಒಂದು ಮಧ್ಯಾಹ್ನ ಚೈತ್ರ ಪುಸ್ತಕವನ್ನು ಎದೆಗವಚಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಒಳಗೆ ನಾನೊಬ್ಬನೇ ಇದ್ದೆ. ಅವಳ ಪ್ರಾಜೆಕ್ಟು ನಮ್ಮ ಬೆಟ್ಟದ ಬಗ್ಗೆ. ನಾನು ಹೇಳಿಕೊಟ್ಟಂತೆಯೇ ಪಟದ ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಅದರ ಮೂಲ ಹುಡುಕಿದ್ದಳು. ಒಂದು ಹಳೆಯ ಪುಟ ಸಿಕ್ಕಿತ್ತು. ಅದೇ ಮಂಜು, ಅದೇ ಬೆಟ್ಟ. ಕೆಳಗೆ ‘ನಾಗೇಂದ್ರಪ್ಪ, ಬಸ್ ಕಂಡಕ್ಟರ್, ಕೊಳಾಲ’ ಎಂದಿತ್ತು.

“ಇದ್ರ ಕೆಳಗೆ ಯಾರೆಸ್ರು ಬರೀಲಿ ಸಾ?” ಎಂದಳು, ನೆಲ ನೋಡುತ್ತಾ. “ನಿಮ್ದು ಬರುದ್ರೆ ನಂಗೆ ಸೊನ್ನೆ ಬತ್ತೈತೆ. ಅವ್ರದು ಬರುದ್ರೆ... ಎಲ್ರೂ ನಿಮ್ಮನ್ನ ಏನಾರಾ ಅಂತಾರೆ.”

ಕದ್ದವನು ನಾನು, ನಾಚಿಕೊಂಡವಳು ಅವಳು. ನಾನಾದರೂ ಏನೆಂದೆ? “ನಾಳೆ ಹೇಳ್ತೀನಿ ಹೋಗಮ್ಮ.”

ಮನೆಗೆ ಬಂದು ಆ ಪುಟದ ಮೂಲಕ ನಾಗೇಂದ್ರಪ್ಪನವರಿಗೆ ನಾಲ್ಕು ಸಾಲು ಬರೆದು, ನನ್ನ ನಂಬರು ಹಾಕಿದೆ. ಅವರು ಬೈದರೂ ಬರೆದೇ ಬೈಯುತ್ತಾರೆ, ಯಾರಿಗೂ ಕೇಳಿಸುವುದಿಲ್ಲವಲ್ಲ ಎಂಬ ಲೆಕ್ಕಾಚಾರ. ಬೆಳಿಗ್ಗೆ ಅವರು ಫೋನನ್ನೇ ಮಾಡಿಬಿಟ್ಟರು. ಬೈಯಲಿಲ್ಲ.

“ಬುಡಿ ಸಾ, ಶಾಲೇಲಿ ತಾನೆ ಐತೆ, ಇರ್ಲಿ” ಎಂದರು. ಆಮೇಲೆ, “ಅವತ್ತು ನಮ್ ಬಸ್ಸು ಕೆಟ್ಟು ನಿಂತ್ಬುಟ್ಟಿತ್ತು. ಪಾಸೆಂಜರೆಲ್ಲಾ ನನ್ನೇ ಹಿಡ್ಕಂಡು ಉಗಿತಿದ್ರು. ಹೆಂಗೋ ತಿರುಗಿ ನೋಡಿದ್ರೆ ಬೆಟ್ಟ ಅಂಗೆ ನಿಂತಿತ್ತು ಕಣ್ ಸಾ. ಆ ದಿನ ನಂಗೆ ಅಂತ ಸಿಕ್ಕಿದ್ದು ಅದೊಂದೇಯ” ಎಂದರು.

ಒಬ್ಬ ಮನುಷ್ಯನಿಗೆ ಒಂದು ದಿನದಲ್ಲಿ ದಕ್ಕಿದ್ದು ಒಂದೇ ಒಂದು. ಅದನ್ನು ಎತ್ತಿ ತಂದು ನನ್ನ ಹೆಸರು ಬರೆಸಿ, ಅದರ ಕೆಳಗೆ ಕುಳಿತು ಇಷ್ಟು ವರ್ಷ ಚಹಾ ಕುಡಿದಿದ್ದೆ. ಬಹಳ ನಾಚಿಕೆಯಾಯಿತು. ಅವರ ಪಟವನ್ನು ಅವರ ಹೆಸರಿನಲ್ಲೇ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. “ಹಾಕಿ ಸಾ, ನಮ್ಮನೆಯೋರ್ನೂ ಕರ್ಕಂಡು ಬಂದು ನೋಡ್ತೀನಿ” ಎಂದರು. ದನಿಯಲ್ಲಿ ಸಂತೋಷವಿತ್ತು.

ಅವತ್ತೇ ತರಗತಿಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಪಿಸುಮಾತಿಲ್ಲ, ನಗುವಿಲ್ಲ. ಇದಕ್ಕಿಂತ ನಕ್ಕಿದ್ದರೇ ಚೆನ್ನಾಗಿತ್ತು. ಕೊನೆಗೆ ನಾನೇ, “ಹಾಗಾದ್ರೆ ನಂಗೆಷ್ಟು ಮಾರ್ಕ್ಸು ಕೊಡ್ತೀಯಮ್ಮ ಚೈತ್ರ?” ಎಂದೆ. ಮಗು ದಾಕ್ಷಿಣ್ಯಕ್ಕೆ ಐದಾದರೂ ಕೊಟ್ಟೀತು ಎಂಬ ಆಸೆ.

“ಸೊನ್ನೆ ಸಾ” ಎಂದಳು. “ನೀವೇ ಹೇಳಿದ್ರಲ್ಲ.”

ಆಗ ನಕ್ಕರು ನೋಡಿ, ಹೆಂಚು ಹಾರಿಹೋಗುವಂತೆ.

ಅಗೋ, ಕೊಳಗದವರು ಹೊರಟರು. ನನ್ನ ಸರದಿ. ಕೊರೆಯುವವನು ತಗಡನ್ನು ಇಸಿದುಕೊಂಡು ‘ಚಿತ್ರ: ನಾಗೇಂದ್ರಪ್ಪ, ಬಸ್ ಕಂಡಕ್ಟರ್, ಕೊಳಾಲ’ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಕೊರೆದ. ಇನ್ನೂ ಒಂದು ಸಾಲಿಗೆ ಜಾಗ ಉಳಿದಿದೆ. ಯಂತ್ರ ಕೈಯಲ್ಲೇ ಹಿಡಿದು, ಅಭ್ಯಾಸಬಲದಿಂದ ಕೇಳುತ್ತಾನೆ:

“ಕೆಳಗೆ ಕೊಟ್ಟೋರ ಹೆಸ್ರು ಏನಂತ ಹಾಕ್ಲಿ ಸಾ?”

ಸುಳ್ಳೇಕೆ ಹೇಳಲಿ, ನನ್ನ ಹೆಸರು ನಾಲಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

“ಏನೂ ಬ್ಯಾಡಪ್ಪ” ಎಂದೆ. “ಕೊಟ್ಟೋರೂ ಅವರೇ.”