ಪೊರಕೆಯಣ್ಣ ಉಳಿಸಿದ ಸಾಲು

ಆಫೀಸಿನಲ್ಲಿ ಎಲ್ಲರೂ ಆತನನ್ನು ಕರೆಯುವುದು ಪೊರಕೆಯಣ್ಣ ಎಂದೇ. ಕಂಪ್ಯೂಟರಿನ ಜೀವಾಳವಾದ ಕರ್ನೆಲ್ ಎಂಬ ತಂತ್ರಾಂಶದಲ್ಲಿ, ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡು ಎಂಬ ಒಂದೇ ಮಾತನ್ನು ಬಂದವರೆಲ್ಲ ತಮಗೆ ತೋಚಿದ ಹೆಸರಿಟ್ಟು ಮತ್ತೆ ಮತ್ತೆ ಬರೆದಿರುತ್ತಾರೆ. ಒಂದನ್ನುಳಿಸಿ ಮಿಕ್ಕವನ್ನು ಗುಡಿಸಿಹಾಕುವುದು ಆತನ ಕಸುಬು. "ಒಂದೇ ಕೂಸಿಗೆ ಎಷ್ಟು ಹೆಸರಿಡ್ತೀರಪ್ಪಾ?" ಎಂದು ಗೊಣಗುತ್ತಲೇ ಅಳಿಸುತ್ತಾನೆ. ಮನೆಯಲ್ಲೂ ಅಷ್ಟೆ, ಎರಡನೆಯ ಗಡಿಯಾರ ಕಂಡರೆ ಕಳಚಿಡುತ್ತಾನೆ. "ಪುಣ್ಯಕ್ಕೆ ನಾನೊಬ್ಬಳೇ ಇದ್ದೀನಿ!" ಎಂದು ಹೆಂಡತಿ ನಗುತ್ತಾಳೆ. ಮೊನ್ನೆ ಆಫೀಸಿನಲ್ಲಿ ಗುಡಿಸುತ್ತ ಬಂದಾಗ ಕೊನೆಗೆ ಅದೇ ಮಾತಿನ ಎರಡು ಸಾಲು ಉಳಿದವು: ಒಂದು ಆತನದೇ, ಇನ್ನೊಂದು ಕಾಯಿಲೆ ಬಿದ್ದು ಕೆಲಸ ಬಿಟ್ಟ ಗೆಳೆಯನದು. "ನಿಮ್ಮದನ್ನೇ ಇಡಿ ಅಣ್ಣಾ, ಅದೇ ಹಳೇದು," ಎಂದ ಪಕ್ಕದ ಮೇಜಿನವ. ಪೊರಕೆಯಣ್ಣ ತನ್ನದನ್ನೇ ಅಳಿಸಿದ. "ನಂದು ಇನ್ನೂ ಬೇಕಾದಷ್ಟಿದೆ ಕಣಪ್ಪ. ಅವನದು ಅಂತ ಇಲ್ಲಿ ಉಳಿದಿರೋದು ಇದೊಂದೇ."